ಯಕೃತ್ತಿನ ಪುನರುತ್ಪತ್ತಿಯಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ

ಶಸ್ತ್ರಚಿಕಿತ್ಸೆಯಲ್ಲಿ ಯಕೃತ್ತಿನ (ಪಿತ್ತಜನಕಾಂಗದ) ಒಂದು ಭಾಗವನ್ನು ತೆಗೆದರೆ ಉಳಿದ ಭಾಗವು ಬೆಳೆದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಮರಳುತ್ತದೆ. ಇದನ್ನು ಯಕೃತ್ತಿನ ಪುನರುತ್ಪತ್ತಿ ಎನ್ನುತ್ತಾರೆ. ಈ ಬೆಳವಣಿಗೆಯನ್ನು ನಿಯಂತ್ರಿಸುವ ಅಂಶಗಳಲ್ಲಿ ಮೈಕ್ರೋಆರ್‌ಎನ್‌ಎಗಳೂ ಸೇರಿವೆ. ಇವು ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದದ ಆರ್‌ಎನ್‌ಎ ತುಣುಕುಗಳು. ಇವುಗಳಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ; ಬದಲಾಗಿ ಇವು ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಇತರ ಪ್ರೋಟೀನ್‌ಗಳ ತಯಾರಿಕೆಯನ್ನು ತಗ್ಗಿಸುತ್ತವೆ.

ಹಿನ್ನೆಲೆ

ಇಲಿಯ ಯಕೃತ್ತಿನ ಮೂರನೆಯ ಎರಡು ಭಾಗವನ್ನು ತೆಗೆಯುವ ವಿಧಾನವನ್ನು ಹಿಗ್ಗಿನ್ಸ್ ಮತ್ತು ಆಂಡರ್ಸನ್ 1931ರಲ್ಲಿ ವಿವರಿಸಿದರು. ಇಂದಿಗೂ ಈ ಕ್ಷೇತ್ರದ ಹೆಚ್ಚಿನ ಪ್ರಯೋಗಗಳು ಇದೇ ಮಾದರಿಯನ್ನು ಅನುಸರಿಸುತ್ತವೆ. ಇಲಿಗಳಲ್ಲಿ ಯಕೃತ್ತು ಸುಮಾರು 7ರಿಂದ 10 ದಿನಗಳಲ್ಲಿ ಮೊದಲಿನ ತೂಕವನ್ನು ಪಡೆಯುತ್ತದೆ. ಕತ್ತರಿಸಿದ ಹಾಲೆಗಳು ಮತ್ತೆ ಚಿಗುರುವುದಿಲ್ಲ, ಉಳಿದ ಹಾಲೆಗಳೇ ಹಿಗ್ಗುತ್ತವೆ. ಆದ್ದರಿಂದ 'ಪುನರುತ್ಪತ್ತಿ' ಎಂಬ ಪದ ಇಲ್ಲಿ ಪೂರ್ತಿ ನಿಖರವಲ್ಲ.

ಮೊದಲ ಮೈಕ್ರೋಆರ್‌ಎನ್‌ಎಯನ್ನು 1993ರಲ್ಲಿ ಒಂದು ಸಣ್ಣ ದುಂಡುಹುಳುವಿನಲ್ಲಿ ಗುರುತಿಸಲಾಯಿತು. ಮೈಕ್ರೋಆರ್‌ಎನ್‌ಎಯ ಶೋಧಕ್ಕಾಗಿ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಕಾರ್ಯವಿಧಾನ

ಆರೋಗ್ಯವಂತ ಯಕೃತ್ತಿನ ಕೋಶಗಳು ಸಾಮಾನ್ಯವಾಗಿ ವಿಭಜನೆಗೊಳ್ಳದೆ ವಿಶ್ರಾಂತ ಸ್ಥಿತಿಯಲ್ಲಿರುತ್ತವೆ. ಶಸ್ತ್ರಚಿಕಿತ್ಸೆಯ ಬಳಿಕ ಅವು ವಿಭಜನೆಗೆ ಸಿದ್ಧವಾಗಿ, ತಮ್ಮ ಡಿಎನ್‌ಎಯನ್ನು ನಕಲು ಮಾಡುವ ಹಂತಕ್ಕೆ ಬರುತ್ತವೆ. ಈ ಹಂತವನ್ನು ದಾಟಲು ಮೈಕ್ರೋಆರ್‌ಎನ್‌ಎಗಳು ಅಗತ್ಯವೆಂಬುದಕ್ಕೆ 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ಪಷ್ಟ ಆಧಾರ ಒದಗಿಸಿತು. ಮೈಕ್ರೋಆರ್‌ಎನ್‌ಎಗಳ ತಯಾರಿಕೆಗೆ ಬೇಕಾದ ಡಿಜಿಸಿಆರ್8 ಎಂಬ ವಂಶವಾಹಿಯನ್ನು ಸುಂಡಿಲಿಗಳ ಯಕೃತ್ತಿನ ಕೋಶಗಳಿಂದ ತೆಗೆದುಹಾಕಿದಾಗ, ಆ ಕೋಶಗಳು ಡಿಎನ್‌ಎ ನಕಲಿನ ಹಂತಕ್ಕೆ ಸಕಾಲದಲ್ಲಿ ಮುನ್ನಡೆಯಲಿಲ್ಲ.

ಅದೇ ಅಧ್ಯಯನದಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳ ಪ್ರಮಾಣ ವಿರುದ್ಧ ದಿಕ್ಕಿನಲ್ಲಿ ಬದಲಾಯಿತು. ಹೆಚ್ಚಾದದ್ದು ಮಿರ್-21. ಇದು ಕೋಶವಿಭಜನೆಯನ್ನು ತಡೆಯುವ ಬಿಟಿಜಿ2 ಪ್ರೋಟೀನನ್ನು ತಗ್ಗಿಸುತ್ತದೆ. ಅಂದರೆ ತಡೆಯನ್ನೇ ತಡೆದು ಬೆಳವಣಿಗೆಗೆ ದಾರಿ ಮಾಡಿಕೊಡುತ್ತದೆ. ಕಡಿಮೆಯಾದದ್ದು ಮಿರ್-378. ಇದು ಡಿಎನ್‌ಎ ಸಂಶ್ಲೇಷಣೆಗೆ ನೆರವಾಗುವ ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ಅದುಮಿಡುವುದರಿಂದ, ಇದರ ಇಳಿಕೆಯೂ ಬೆಳವಣಿಗೆಗೆ ಅನುಕೂಲಕರ. ಮಿರ್-221 ಕೂಡ ವಿಭಜನೆಗೆ ಅಡ್ಡಿಯಾಗುವ ಪಿ27 ಮತ್ತು ಪಿ57 ಪ್ರೋಟೀನ್‌ಗಳನ್ನು ತಗ್ಗಿಸುತ್ತದೆ. ಮಿರ್-26ಎ ಮತ್ತು ಮಿರ್-33 ಇದಕ್ಕೆ ವಿರುದ್ಧವಾಗಿ ವಿಭಜನೆಯ ವೇಗವನ್ನು ಕುಗ್ಗಿಸುತ್ತವೆ.

ವೈದ್ಯಕೀಯ ಮಹತ್ವ ಮತ್ತು ಮಿತಿ

ಗಡ್ಡೆಯನ್ನು ತೆಗೆಯುವಾಗ ಉಳಿಯುವ ಯಕೃತ್ತು ತೀರಾ ಚಿಕ್ಕದಾದರೆ ರೋಗಿಗೆ ಯಕೃತ್ತಿನ ವೈಫಲ್ಯ ಉಂಟಾಗಬಹುದು. ಸಿರೋಸಿಸ್ ಅಥವಾ ಕೊಬ್ಬು ತುಂಬಿದ ಯಕೃತ್ತು ಇರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೈಕ್ರೋಆರ್‌ಎನ್‌ಎಗಳನ್ನು ಬಳಸಿ ಬೆಳವಣಿಗೆಯನ್ನು ಚುರುಕುಗೊಳಿಸುವ ಆಲೋಚನೆ ಹುಟ್ಟಿದ್ದು ಈ ಕಾರಣದಿಂದ. ಆದರೆ ಪುನರುತ್ಪತ್ತಿಗೆ ನೆರವಾಗುವ ಮಿರ್-21 ಮತ್ತು ಮಿರ್-221 ಯಕೃತ್ತಿನ ಕ್ಯಾನ್ಸರ್‌ನಲ್ಲಿಯೂ ಹೆಚ್ಚಿನ ಪ್ರಮಾಣದಲ್ಲಿ ಕಂಡುಬರುತ್ತವೆ. ಕ್ಯಾನ್ಸರ್ ಗಡ್ಡೆಯನ್ನು ತೆಗೆಸಿಕೊಂಡ ರೋಗಿಯಲ್ಲಿ ಅವುಗಳನ್ನು ಹೆಚ್ಚಿಸುವುದು ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳಿಗೂ ಉತ್ತೇಜನ ನೀಡಬಹುದು.

ಯಕೃತ್ತಿನಲ್ಲಿ ಅತಿ ಹೇರಳವಾಗಿರುವುದು ಮಿರ್-122; ಅಲ್ಲಿನ ಒಟ್ಟು ಮೈಕ್ರೋಆರ್‌ಎನ್‌ಎಗಳಲ್ಲಿ ಸುಮಾರು ಶೇ. 70ರಷ್ಟು ಇದೊಂದೇ. ಇದು ಕೋಶಗಳನ್ನು ಪ್ರೌಢ ಸ್ಥಿತಿಯಲ್ಲಿ ಕಾಯ್ದುಕೊಳ್ಳುತ್ತದೆ. ಇದು ಇಲ್ಲದ ಸುಂಡಿಲಿಗಳ ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರುತ್ತದೆ, ವಯಸ್ಸಾದಂತೆ ಗಡ್ಡೆಗಳು ಮೂಡುತ್ತವೆ. ಯಕೃತ್ತಿಗೆ ಹಾನಿಯಾದಾಗ ಮಿರ್-122 ರಕ್ತಕ್ಕೆ ಸೋರುವುದರಿಂದ, ಹಾನಿಯನ್ನು ಅಳೆಯುವ ಸೂಚಕವಾಗಿಯೂ ಇದನ್ನು ಪರಿಶೀಲಿಸಲಾಗುತ್ತಿದೆ.