ಪೆಟ್ಟಿನ ಸದ್ದಿಗೆ ಗಾಳಿಯ ಮೆತ್ತೆ



ಜಗತ್ ಬಡಾವಣೆಯಿಂದಲೂ ಕಮಲಾಪುರದ ಕಡೆಯಿಂದಲೂ ನನ್ನ ತರಗತಿಗೆ ಬಂದು ಕುಳಿತವರಲ್ಲಿ ಅನೇಕರು ಇಂದು ಪುಣೆ, ಹೈದರಾಬಾದು, ಬೆಂಗಳೂರುಗಳ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದೀರಿ. ಯಂತ್ರಗಳ ನಡುವೆ ದಿನ ಕಳೆಯುವ ನಿಮಗೆ ಉಪಯೋಗವಾದೀತೆಂದು, ಯಂತ್ರದ ಪೆಟ್ಟನ್ನು ಮೆತ್ತಗಾಗಿಸಲು ಮನುಷ್ಯನು ಗಾಳಿಯನ್ನು ದುಡಿಸಿಕೊಂಡ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ಬರೆದಿದ್ದೇನೆ. ನಮ್ಮ ಊರಿನಿಂದಲೇ ಆರಂಭಿಸೋಣ.

ಮುಂಬಯಿಯಿಂದಲೂ ಮದರಾಸಿನಿಂದಲೂ ಬಂದ ರೈಲು ಹಾದಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಭಾರವಾದ ಯಂತ್ರಗಳನ್ನು ಗುಲಬರ್ಗಕ್ಕೆ ತರುವುದು ಆಗ ಸುಲಭವಾಯಿತು. 1880ರ ದಶಕದಲ್ಲಿ, ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಅವರ ಹೆಸರನ್ನೇ ಹೊತ್ತ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಇಲ್ಲಿ ಸ್ಥಾಪನೆಯಾಯಿತು. ನಾವೆಲ್ಲರೂ ಎಂ.ಎಸ್.ಕೆ. ಮಿಲ್ಲು ಎಂದು ಕರೆಯುವುದು ಇದನ್ನೇ.

ಮಿಲ್ಲಿನ ಮಗ್ಗ ಅಷ್ಟೊಂದು ಸದ್ದು ಮಾಡುವುದೇಕೆ? ಕೈಮಗ್ಗದಲ್ಲಿ ಹಾಸಿನ ಎಳೆಗಳ ನಡುವೆ ಹೊಕ್ಕಿನ ನೂಲನ್ನು ಒಯ್ಯುವ ಲಾಳಿಯನ್ನು ನೇಕಾರನು ಕೈಯಿಂದ ತಳ್ಳುತ್ತಿದ್ದನು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿಯನ್ನು ರೂಪಿಸಿದನು. 1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಹಕ್ಕುಪತ್ರ ಪಡೆದನು. ಯಂತ್ರಮಗ್ಗದಲ್ಲಿ ಒಂದು ಕೋಲು ಲಾಳಿಯನ್ನು ಹೊಡೆದು ಅಟ್ಟುತ್ತದೆ. ಅದು ಎದುರು ಬದಿಯ ಪೆಟ್ಟಿಗೆಗೆ ಬಡಿದು ನಿಲ್ಲುತ್ತದೆ. ನಿಮಿಷಕ್ಕೆ ಸುಮಾರು 200 ಬಾರಿ ಈ ಹೊಡೆತ, ಈ ಬಡಿತ. ಅಂತಹ ನೂರಾರು ಮಗ್ಗಗಳು ಒಂದೇ ಸೂರಿನಡಿ ಇದ್ದರೆ ಸದ್ದು 95ರಿಂದ 100 ಡೆಸಿಬೆಲ್ ಮುಟ್ಟುವುದು ಸಾಮಾನ್ಯ. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ ಕೆಲಸದ ಹೆಂಗಸರು ತುಟಿಗಳ ಚಲನೆಯನ್ನು ನೋಡಿಯೇ ಮಾತನಾಡಿಕೊಳ್ಳುತ್ತಿದ್ದರು. ಇಂತಹ ಶಾಲೆಗಳಲ್ಲಿ ವರ್ಷಗಟ್ಟಲೆ ದುಡಿದ ಎಷ್ಟೋ ಜನರ ಕಿವಿ ಮಂದವಾಗುತ್ತಿತ್ತು. ಹಾಗೆ ಹೋದ ಶ್ರವಣಶಕ್ತಿ ಮತ್ತೆ ಬರುವಂತಹುದಲ್ಲ.

ಇಲ್ಲಿ ಹೈಸ್ಕೂಲಿನ ಪಾಠವೊಂದನ್ನು ನೆನಪಿಸಿಕೊಳ್ಳಿ. ಚಲಿಸುವ ವಸ್ತುವನ್ನು ನಿಲ್ಲಿಸಬೇಕಾದರೆ ಅದರ ಸಂವೇಗವೆಲ್ಲ ಕಳೆಯಬೇಕು. ಒಂದು ಕ್ಷಣದಲ್ಲಿ ಕಳೆದರೆ ಬಲ ದೊಡ್ಡದು. ಲೋಹ ನಡುಗಿ ಸದ್ದು ಹುಟ್ಟುತ್ತದೆ. ಹೆಚ್ಚು ಕಾಲ ತೆಗೆದುಕೊಂಡು ಕಳೆದರೆ ಬಲ ಚಿಕ್ಕದು, ಸದ್ದೂ ಚಿಕ್ಕದು. ಕ್ರಿಕೆಟ್ ಆಟಗಾರನು ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದಕ್ಕಾಗಿಯೇ. ಯಂತ್ರದ ಪೆಟ್ಟಿಗೂ ಹಾಗೆ ಕೊಂಚ ದೂರ, ಕೊಂಚ ಸಮಯ ಕೊಡಬೇಕು. ಮಗ್ಗದಲ್ಲಿ ಇದಕ್ಕಾಗಿ ಚರ್ಮದ ತುಂಡುಗಳನ್ನು ಬಳಸುತ್ತಿದ್ದರು. ಅವು ಬೇಗ ಸವೆಯುತ್ತಿದ್ದವು.

ಗಾಳಿಯೇ ಒಂದು ಸ್ಪ್ರಿಂಗು ಎಂಬ ತಿಳಿವು ಹಳೆಯದು. ಗಾಳಿಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದನು. ಅದನ್ನು ಯಂತ್ರದಲ್ಲಿ ದುಡಿಸಿಕೊಂಡವರಲ್ಲಿ ಮುದ್ರಣ ಯಂತ್ರಗಳ ಶಿಲ್ಪಿಗಳೂ ಸೇರಿದ್ದಾರೆ. 1814ರ ನವೆಂಬರ್ 29ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆ ಫ್ರೀಡ್ರಿಖ್ ಕೋನಿಗನ ಉಗಿ ಮುದ್ರಣ ಯಂತ್ರದಲ್ಲಿ ಅಚ್ಚಾಯಿತು. ಅಂತಹ ಯಂತ್ರಗಳಲ್ಲಿ ಅಚ್ಚುಮೊಳೆ ಜೋಡಿಸಿದ ಭಾರಿ ಹಾಸು ಹಿಂದೆ ಮುಂದೆ ಓಡುತ್ತದೆ; ಪ್ರತಿ ಬಾರಿಯೂ ನಿಂತು ತಿರುಗಬೇಕು. ವೇಗ ಹೆಚ್ಚಿದಂತೆಲ್ಲ ಆಘಾತವೂ ಹೆಚ್ಚಿತು. ಆ ಶತಮಾನದ ಕೊನೆಯ ಭಾಗದ ದೊಡ್ಡ ಯಂತ್ರಗಳಲ್ಲಿ ಹಾಸಿನ ಎರಡೂ ತುದಿಗಳಿಗೆ ಗಾಳಿಯ ಕೊಳವೆಗಳನ್ನು ಇಟ್ಟರು. ಹಾಸು ಬಂದೊಡನೆ ಗಾಳಿ ಕುಗ್ಗಿ ಅದನ್ನು ತಡೆದು, ಹಿಂದಿರುಗುವಾಗ ತಳ್ಳಿಯೂ ಕೊಡುತ್ತಿತ್ತು.

ಎರಡನೆಯ ಉದಾಹರಣೆಗೆ ನಮ್ಮ ಕೋಟೆಗೆ ಬನ್ನಿ. ಅಲ್ಲಿನ ಬಾರಾ ಗಜೀ ತೋಪಿನ ಉದ್ದ ಸುಮಾರು 29 ಅಡಿ. ಆ ಕಾಲದ ಫಿರಂಗಿಗಳಲ್ಲಿ ಗುಂಡು ಹಾರಿದಾಗಿನ ಹಿಮ್ಮೊಗದ ಒದೆತವನ್ನು ಹೀರುವ ಅಂಗವೇ ಇರಲಿಲ್ಲ. ತಡೆಯುವುದು ತೋಪಿನ ಭಾರ, ಅದರ ಪೀಠ ಅಷ್ಟೆ. 1897ರಲ್ಲಿ ಫ್ರಾನ್ಸ್ ಸೈನ್ಯವು ಸ್ವೀಕರಿಸಿದ 75 ಮಿಲಿಮೀಟರ್ ಫಿರಂಗಿಯಲ್ಲಿ ನಳಿಕೆ ಹಿಂದೆ ಸರಿದಾಗ ಎಣ್ಣೆ ಕಿರಿದಾದ ದಾರಿಯಲ್ಲಿ ನುಗ್ಗಿ ಗಾಳಿಯನ್ನು ಒತ್ತುತ್ತಿತ್ತು. ಆ ಗಾಳಿ ನಳಿಕೆಯನ್ನು ಸ್ವಸ್ಥಾನಕ್ಕೆ ತರುತ್ತಿತ್ತು. ಗಾಳಿ ಶಕ್ತಿಯನ್ನು ಕೂಡಿಟ್ಟು ಹಿಂದಕ್ಕೆ ಕೊಡುತ್ತದೆ; ಎಣ್ಣೆ ಅದನ್ನು ಶಾಖವಾಗಿ ಕಳೆಯುತ್ತದೆ. ಈ ಜೋಡಿಯೇ ಮುಂದಿನ ವಿನ್ಯಾಸಗಳಿಗೆಲ್ಲ ಆಧಾರ. 1955ರ ಸಿಟ್ರೊಯೆನ್ ಡಿ.ಎಸ್. ಕಾರಿನ ಚಕ್ರಗಳ ಮೇಲೆ ಕುಳಿತದ್ದೂ ಇದೇ ತತ್ತ್ವ. ಅಲ್ಲಿ ಗಾಳಿಯ ಬದಲು ಸಾರಜನಕ ಇತ್ತು.

ಸಾರಜನಕವೇ ಏಕೆ? ವಾಯುಮಂಡಲದ ಸುಮಾರು 78 ಪಾಲು ಅದೇ ಆದ್ದರಿಂದ ಅಗ್ಗ. ಅದರಲ್ಲಿ ಉಕ್ಕು ತುಕ್ಕು ಹಿಡಿಯದು. ಒತ್ತಡದಲ್ಲಿ ಎಣ್ಣೆಗೆ ಬೆಂಕಿ ಹತ್ತಿಸದು. ಗ್ಯಾಸ್ ಸ್ಪ್ರಿಂಗು ಎಂದರೆ ಸಾರಜನಕ ತುಂಬಿದ ಒಂದು ಮುಚ್ಚಿದ ಸಿಲಿಂಡರು, ಅದರೊಳಗೆ ಸರಿಯುವ ಒಂದು ದಂಡ, ಅನಿಲ ಸೋರದಂತೆ ಒಂದು ಸೀಲು. ಲೆಕ್ಕ ಸರಳ: ಬಲವೆಂದರೆ ಒತ್ತಡವನ್ನು ದಂಡದ ಕ್ಷೇತ್ರಫಲದಿಂದ ಗುಣಿಸಿದ್ದು. ದಂಡದ ವ್ಯಾಸ 20 ಮಿಲಿಮೀಟರ್, ಒತ್ತಡ 150 ಬಾರ್ ಇದ್ದರೆ ಬಲ ಸುಮಾರು 4,700 ನ್ಯೂಟನ್, ಅಂದರೆ 480 ಕಿಲೋ ತೂಕದಷ್ಟು. ಸುರುಳಿ ಸ್ಪ್ರಿಂಗಿನ ಬಲ ಸೊನ್ನೆಯಿಂದ ಏರುತ್ತದೆ. ಇದರಲ್ಲಿ ಮೊದಲ ಸ್ಪರ್ಶದಲ್ಲಿಯೇ ಪೂರ್ಣ ಬಲ ಸಿಗುತ್ತದೆ. ಅನಿಲದ ಗಾತ್ರ 100ರಿಂದ 80ಕ್ಕೆ ಇಳಿದರೂ ಬಲ ಕಾಲು ಪಾಲು, ವೇಗದ ಒತ್ತಿನಲ್ಲಿ ಇನ್ನೂ ಕೊಂಚ ಹೆಚ್ಚು, ಏರುತ್ತದೆ ಅಷ್ಟೆ. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವ ದಂಡವೂ ಇದರ ತಮ್ಮನೇ.

ತಗಡು ಕತ್ತರಿಸುವ ಪ್ರೆಸ್ಸುಗಳಲ್ಲಿ ಅತಿ ಕಠೋರವಾದ ಸದ್ದು ಹುಟ್ಟುವುದು ತಗಡು ತುಂಡಾಗುವ ಕ್ಷಣದಲ್ಲಿ. ಅಲ್ಲಿಯವರೆಗೆ ಬಿಲ್ಲಿನಂತೆ ಬಿಗಿದಿದ್ದ ಯಂತ್ರದ ಚೌಕಟ್ಟು ಒಮ್ಮೆಲೇ ಸಡಿಲಗೊಳ್ಳುತ್ತದೆ. ಆ ಕ್ಷಣದಲ್ಲಿ ಎದುರು ನಿಂತು ಒತ್ತಡವನ್ನು ಹೊರುವ ಅಂಗವಿದ್ದರೆ ಪೆಟ್ಟು ಮೆತ್ತಗಾಗುತ್ತದೆ. ಆದರೆ ಎಚ್ಚರ ಬೇಕು. ಅನಿಲ ಒಂದನ್ನೇ ನಂಬಿದರೆ ಅದು ಕೂಡಿಟ್ಟದ್ದನ್ನು ಹಿಂದಿರುಗುವಾಗ ರಭಸದಿಂದ ಕೊಟ್ಟು ಇನ್ನೊಂದು ಬಡಿತವನ್ನು ಹುಟ್ಟಿಸುತ್ತದೆ. ಆದ್ದರಿಂದಲೇ ಎಣ್ಣೆಯ ಕಿರಿದಾದ ದಾರಿಯ ನೆರವು, ನಿಧಾನವಾಗಿ ಹಿಂದಿರುಗುವ ವಿನ್ಯಾಸ.

ಈ ಇತಿಹಾಸದಲ್ಲಿ ಗಮನಿಸಬೇಕಾದುದು ಒಂದಿದೆ. ಗಾಳಿಯ ಮೆತ್ತೆ ಮೊದಲು ಬಂದದ್ದು ಮುದ್ರಣ ಯಂತ್ರ ಮುರಿಯದಿರಲೆಂದು, ಫಿರಂಗಿ ಬೇಗ ಬೇಗ ಹಾರಲೆಂದು, ಕಾರಿನ ಸವಾರಿ ಹಿತವಾಗಿರಲೆಂದು. ಯಂತ್ರದ ಪಕ್ಕದಲ್ಲಿ ನಿಂತವನ ಕಿವಿಯ ಸರದಿ ಬಂದದ್ದು ಕೊನೆಗೆ. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಗೆ ಸೇರಿತು; ಎಂಟು ಗಂಟೆಯ ದುಡಿಮೆಗೆ 90 ಡೆಸಿಬೆಲ್ ಎಂಬ ಮಿತಿಯೂ ನಿಯಮಗಳಲ್ಲಿ ಬಂತು. ಕಿವಿಗೆ ಬಿರಡೆ ಕೊಡುವುದು ಒಳ್ಳೆಯದೇ. ಆದರೆ ಸದ್ದನ್ನು ಹುಟ್ಟುವಲ್ಲಿಯೇ ತಡೆಯುವುದು ಅದಕ್ಕಿಂತ ಮೇಲು.

ಎಂ.ಎಸ್.ಕೆ. ಮಿಲ್ಲಿನ ಮಗ್ಗಗಳು ಇಂದು ಮೌನವಾಗಿವೆ. ಮಿಲ್ಲು ಮುಚ್ಚಿದ್ದರಿಂದ ಬಂದ ಮೌನವದು. ಅನ್ನ ಹೋದದ್ದರ ಜೊತೆಗೆ ಬಂದದ್ದು. ಕೆಲಸವೂ ನಡೆಯಬೇಕು, ಕಿವಿಯೂ ಉಳಿಯಬೇಕು. ನಿಮ್ಮಲ್ಲಿ ಯಂತ್ರಗಳನ್ನು ಕೊಳ್ಳುವ, ರೂಪಿಸುವ ಅಧಿಕಾರ ಇರುವವರು ಗಂಟೆಗೆ ಎಷ್ಟು ತುಂಡು ಬರುತ್ತದೆ ಎಂದು ಕೇಳುವಾಗ, ಎಷ್ಟು ಡೆಸಿಬೆಲ್ ಎಂದೂ ಕೇಳಿರಿ. ನಿಮ್ಮ ಹಳೆಯ ಮೇಷ್ಟರ ಕೋರಿಕೆ ಇಷ್ಟೇ.