ಶಿಫಾರಸು ಪತ್ರ ಬರೆಯುವ ಗುರುಗಳು

ಅಮೆರಿಕದ ಕಾಲೇಜುಗಳಲ್ಲಿ ಪ್ರವೇಶಕ್ಕೆ ಗುರುಗಳ ಮಾತನ್ನೂ ಪರಿಗಣಿಸುವ ಪದ್ಧತಿ ಹಳೆಯದು. ಆದರೆ ಆ ಮಾತನ್ನು ಯಾರು ಬರೆಯಬೇಕು, ಯಾವುದರ ಬಗ್ಗೆ ಬರೆಯಬೇಕು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ.

19ನೇ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಗಣಿತದ ಪರೀಕ್ಷೆಯ ಜೊತೆಗೆ ಸನ್ನಡತೆಯ ಪ್ರಮಾಣಪತ್ರವನ್ನೂ ತರಬೇಕಿತ್ತು. ಸಾಮಾನ್ಯವಾಗಿ ಕೊನೆಯದಾಗಿ ಪಾಠ ಹೇಳಿದ ಗುರುಗಳೇ ಅದನ್ನು ಬರೆದುಕೊಡುತ್ತಿದ್ದುದರಿಂದ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. 1871ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಹೊಸ ದಾರಿ ಹಿಡಿಯಿತು. ಅಲ್ಲಿನ ಪ್ರಾಧ್ಯಾಪಕರು ಪ್ರೌಢಶಾಲೆಗಳಿಗೆ ಹೋಗಿ ಪಾಠದ ಮಟ್ಟ ನೋಡಿ ಮಾನ್ಯತೆ ಕೊಡುತ್ತಿದ್ದರು. ಅಂಥ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರವಿದ್ದರೆ ವಿದ್ಯಾರ್ಥಿ ಪ್ರವೇಶ ಪರೀಕ್ಷೆ ಬರೆಯಬೇಕಿರಲಿಲ್ಲ.

1920ರ ದಶಕದಲ್ಲಿ ಇದೇ ಪತ್ರ ಬಾಗಿಲು ಮುಚ್ಚಲೂ ಬಳಕೆಯಾಯಿತು. 1922ರ ಹೊತ್ತಿಗೆ ಹಾರ್ವರ್ಡ್‌ಗೆ ಹೊಸದಾಗಿ ಸೇರುವವರಲ್ಲಿ ಯಹೂದಿಗಳು ಐದನೇ ಒಂದು ಭಾಗಕ್ಕಿಂತ ಹೆಚ್ಚಿದ್ದರು. ಹಾರ್ವರ್ಡ್‌ನ ಅಧ್ಯಕ್ಷ ಲೊವೆಲ್ ಯಹೂದಿಗಳ ಸಂಖ್ಯೆಗೆ ಮಿತಿ ಹಾಕಲು ಹೊರಟರು. ಬಹಿರಂಗ ಮಿತಿಗೆ ವಿರೋಧ ಬಂದಾಗ, 1926ರಲ್ಲಿ ಅಂಕಗಳ ಜೊತೆಗೆ ‘ಚಾರಿತ್ರ್ಯ’ವನ್ನೂ ತೂಗುವ ನಿಯಮ ಬಂತು. ಶಿಫಾರಸು ಪತ್ರ, ಭಾವಚಿತ್ರ, ಸಂದರ್ಶನಗಳು ಜನಾಂಗ ಗುರುತಿಸುವ ಸಾಧನಗಳಾದವು. ಪರೀಕ್ಷೆಯಲ್ಲಿ ಗೆದ್ದವರನ್ನು ಚಾರಿತ್ರ್ಯದ ನೆಪದಲ್ಲಿ ಹೊರಗಿಟ್ಟದ್ದು ದೊಡ್ಡ ಅನ್ಯಾಯ.

1974ರ ಕಾನೂನು ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿತು. ಆದರೂ ಗುರುಗಳು ಮುಚ್ಚುಮರೆಯಿಲ್ಲದೆ ಬರೆಯಲಿ ಎಂದು, ಶಿಫಾರಸು ಪತ್ರದ ಮಟ್ಟಿಗೆ ಹೆಚ್ಚಿನವರು ಆ ಹಕ್ಕನ್ನು ಬಿಟ್ಟುಕೊಡುತ್ತಾರೆ. 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದ ‘ಕಾಮನ್ ಅಪ್ಲಿಕೇಶನ್’ ಅರ್ಜಿಯ ನಮೂನೆಯನ್ನು ಏಕರೂಪಕ್ಕೆ ತಂದಿತು.

ಇಂದು ಶಿಕ್ಷಕರನ್ನು ಆರಿಸುವುದು ವಿದ್ಯಾರ್ಥಿಯೇ. ಎಂಐಟಿ ಗಣಿತ ಅಥವಾ ವಿಜ್ಞಾನದ ಒಬ್ಬರಿಂದ, ಭಾಷೆ ಅಥವಾ ಸಮಾಜ ವಿಷಯಗಳ ಇನ್ನೊಬ್ಬರಿಂದ ಪತ್ರ ಕೇಳುತ್ತದೆ. ಸಾಮಾನ್ಯವಾಗಿ 11ನೇ ತರಗತಿಯಲ್ಲಿ ಪಾಠ ಮಾಡಿದವರನ್ನು ಆ ವರ್ಷ ಮುಗಿಯುವ ಮೊದಲೇ ಕೇಳಿಕೊಳ್ಳುವುದು ರೂಢಿ. ಅತಿ ಹೆಚ್ಚು ಅಂಕ ಕೊಟ್ಟವರಿಗಿಂತ ವಿದ್ಯಾರ್ಥಿಯನ್ನು ಹತ್ತಿರದಿಂದ ಕಂಡವರ ಪತ್ರಕ್ಕೆ ತೂಕ ಹೆಚ್ಚು. ‘ಬುದ್ಧಿವಂತ, ಶ್ರಮಜೀವಿ’ ಎಂದಷ್ಟೇ ಬರೆದರೆ ಅಂಕಪಟ್ಟಿ ಹೇಳದ್ದೇನೂ ತಿಳಿಯುವುದಿಲ್ಲ. ಪ್ರಯೋಗ ಕೈಕೊಟ್ಟಾಗ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೂ ಉಳಿದು ತಪ್ಪು ಹುಡುಕಿದ್ದನ್ನು ಬರೆದರೆ ಅವಳ ಸ್ವಭಾವವೇ ತಿಳಿಯುತ್ತದೆ.

ಸಿಇಟಿ ರ‍್ಯಾಂಕಿನ ಪದ್ಧತಿಗೆ ಒಗ್ಗಿದ ಕರ್ನಾಟಕದ ಪಿಯು ವಿದ್ಯಾರ್ಥಿಗಳಿಗೆ ಇದು ಹೊಸದು. ತುಂಬಿದ ತರಗತಿಯಲ್ಲಿ ಪಾಠ ಮಾಡುವ ಉಪನ್ಯಾಸಕರಿಗೆ ಪ್ರತಿಯೊಬ್ಬರನ್ನೂ ಅಷ್ಟು ಹತ್ತಿರದಿಂದ ಅರಿಯುವುದು ಕಷ್ಟ. ಅಮೆರಿಕದ ದೊಡ್ಡ ಸರ್ಕಾರಿ ಶಾಲೆಗಳಲ್ಲೂ ಇದೇ ತೊಡಕಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಸಾಮಾನ್ಯವಾಗಿ ಶಿಫಾರಸು ಪತ್ರವನ್ನೇ ಕೇಳುವುದಿಲ್ಲ.