ನೂರಕ್ಕೆ ಏಳು ಕಮ್ಮಿ: ಜರ್ಮೇನಿಯಂ ಸಿಕ್ಕಿದ ಕಥೆ

ಇವತ್ತು ಹೇಳ್ತಿರೋದು ಒಂದು ತಕ್ಕಡಿಯ ಕಥೆ.

1885ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ, ಫ್ರೈಬರ್ಗ್ ಊರಿನ ಹತ್ತಿರದ ಬೆಳ್ಳಿ ಗಣಿಯೊಂದರಲ್ಲಿ ಹೊಸ ಥರದ ಅದಿರು ಸಿಕ್ತು. ಖನಿಜತಜ್ಞ ವೈಸ್‌ಬಾಖ್ ಅದಕ್ಕೆ ಆರ್ಜಿರೊಡೈಟ್ ಅಂತ ಹೆಸರಿಟ್ಟರು. ಅದರಲ್ಲಿ ಯಾವ ಲೋಹ ಎಷ್ಟಿದೆ ಅಂತ ನೋಡುವ ಕೆಲಸ ಅಲ್ಲಿನ ಗಣಿ ಅಕಾಡೆಮಿಯ ಕ್ಲೆಮೆನ್ಸ್ ವಿಂಕ್ಲರ್ ಕೈಗೆ ಬಂತು.

ಆಗಿನ್ನೂ ಸ್ಯಾಂಪಲ್ ಇಟ್ಟು ಬಟನ್ ಒತ್ತಿದರೆ ರಿಪೋರ್ಟ್ ಕೊಡುವ ಮೆಷೀನ್ ಇರಲಿಲ್ಲ. ಇದ್ದದ್ದು ಗ್ರಾವಿಮೆಟ್ರಿಕ್ ವಿಧಾನ, ಅಂದರೆ ತೂಕದ ಲೆಕ್ಕ. ಬೆಳ್ಳಿಯನ್ನೇ ತಗೊಳ್ಳಿ. ಅದಿರನ್ನು ಮೊದಲು ತೂಗಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಕ್ಲೋರೈಡ್ ಸೇರಿಸಿದರೆ ಹಾಲು ಒಡೆದ ಹಾಗೆ ಬಿಳಿ ಸಿಲ್ವರ್ ಕ್ಲೋರೈಡ್ ತಳಕ್ಕೆ ಇಳಿಯುತ್ತೆ. ಅದನ್ನು ಸೋಸಿ, ತೊಳೆದು, ತೂಕ ಬದಲಾಗದೆ ನಿಲ್ಲುವ ತನಕ ಒಣಗಿಸಬೇಕು. ಆ ತೂಕವನ್ನು 0.7526ರಿಂದ ಗುಣಿಸಿದರೆ ಬೆಳ್ಳಿಯ ತೂಕ ಸಿಗುತ್ತೆ, ಯಾಕಂದ್ರೆ ಒಂದು ಗ್ರಾಂ ಸಿಲ್ವರ್ ಕ್ಲೋರೈಡಿನಲ್ಲಿ ಬೆಳ್ಳಿಯ ಪಾಲು ಯಾವಾಗಲೂ ಅಷ್ಟೇ. ಹೀಗೆ ಒಂದೊಂದೇ ಧಾತುವನ್ನು ಬೇರ್ಪಡಿಸಿ ತೂಗಬೇಕು. ಒಂದು ಹನಿ ಚೆಲ್ಲಿದರೂ ಮತ್ತೆ ಮೊದಲಿಂದ ಶುರು.

ವಿಂಕ್ಲರ್‌ಗೆ ಬೆಳ್ಳಿ ಸುಮಾರು ಶೇ. 75, ಗಂಧಕ ಶೇ. 17 ಸಿಕ್ತು. ಜೊತೆಗೆ ಕಬ್ಬಿಣ, ಸತು, ಪಾದರಸ ಚೂರುಚೂರು. ಕೂಡಿದರೆ ಸುಮಾರು 93. ಮತ್ತೆ ಮತ್ತೆ ಮಾಡಿದರೂ ಪ್ರತಿ ಸಲ ಆರೇಳು ಕಮ್ಮಿ.

ನಾವಾಗಿದ್ದರೆ "ಇತರೆ: ಶೇ. 7" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡ್ತಿದ್ವೇನೋ! ಆದರೆ ಕೈತಪ್ಪಿನಿಂದ ಆಗುವ ವ್ಯತ್ಯಾಸ ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ಬರಬೇಕು. ಪ್ರತಿ ಸಲ ಅಷ್ಟೇ ಕಮ್ಮಿ ಬಂದರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ. ವಿಂಕ್ಲರ್ ತಿಂಗಳುಗಟ್ಟಲೆ ಅದರ ಬೆನ್ನು ಬಿಡಲಿಲ್ಲ.

ಕಳ್ಳ ಅಡಗಿದ್ದು ಸೋಸಿದ ನೀರಿನಲ್ಲಿ. ಆ ಧಾತುವಿನ ಸಲ್ಫೈಡ್ ನೀರಿನಲ್ಲಿ, ತೆಳು ಆಮ್ಲದಲ್ಲಿ ಕರಗಿಯೇ ಇರುತ್ತೆ, ತೊಳೆದರೆ ನೀರಿನ ಜೊತೆ ಹೊರಟುಹೋಗುತ್ತೆ. ಕೊನೆಗೆ ವಿಂಕ್ಲರ್ ಉಳಿದ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಧಾರಾಳವಾಗಿ ಸುರಿದರು. ಆಗ ಬಿಳಿ ಬಿಳಿ ಚಕ್ಕೆಗಳು ಇಳಿದವು. ಒಣಗಿಸಿ ಹೈಡ್ರೋಜನ್‌ನಲ್ಲಿ ಕಾಯಿಸಿದಾಗ ಬೂದು ಬಣ್ಣದ ಪುಡಿ ಉಳೀತು. ದಿನಾಂಕ 6 ಫೆಬ್ರವರಿ 1886. ತನ್ನ ದೇಶದ ಹೆಸರಿನಿಂದ ಅವರು ಅದನ್ನು ಜರ್ಮೇನಿಯಂ ಅಂತ ಕರೆದರು.

ವಿಂಕ್ಲರ್ ಮೊದಲು ಅದರ ಜಾಗವನ್ನು ತಪ್ಪಾಗಿಯೇ ಊಹಿಸಿದ್ದರು, ಆಂಟಿಮನಿಗೂ ಬಿಸ್ಮತ್‌ಗೂ ನಡುವೆ ಅಂತ. ನಿಜವಾದ ಜಾಗ ಸಿಲಿಕಾನ್ ಕೆಳಗೆ. ಅಲ್ಲಿ ಒಂದು ಧಾತು ಇರಲೇಬೇಕು, ಪರಮಾಣು ತೂಕ ಸುಮಾರು 72 ಅಂತ ಮೆಂಡಲೀವ್ 1871ರಲ್ಲೇ ಬರೆದಿಟ್ಟಿದ್ದರು. ವಿಂಕ್ಲರ್‌ಗೆ ಸಿಕ್ಕಿದ ತೂಕ 72.32.

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿದ ಮೊದಲ ಟ್ರಾನ್ಸಿಸ್ಟರ್ ಇದೇ ಜರ್ಮೇನಿಯಂ ತುಂಡಿನ ಮೇಲೆ ಕಟ್ಟಿದ್ದು. 1958ರಲ್ಲಿ ಜಾಕ್ ಕಿಲ್ಬಿ ತೋರಿಸಿದ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಕೂಡ. ಸಿಲಿಕಾನ್ ಗದ್ದುಗೆ ಏರಿದ್ದು ಆಮೇಲೆ.